ಮೊದಲು ಯಾರ ಮಗಳು

ಆಷಾಢ ಕಾಲಿಟ್ಟಿತೆಂದರೆ ನಮ್ಮ ಅತ್ತೆ ನೀಲಗಂಗಮ್ಮನವರಿಗೆ ಮೊಣಕಾಲು ನೋವು ಶುರುವಾಗುತ್ತಿತ್ತು. ವರ್ಷವೆಲ್ಲ ಶಹಾಬಜಾರದ ಗಲ್ಲಿಗಲ್ಲಿ ತಿರುಗಿ, ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ನೋಡಿಕೊಂಡು ಬರುತ್ತಿದ್ದ ಕಾಲುಗಳು, ನಾಗರ ಪಂಚಮಿ ಹತ್ತಿರ ಬಂದಂತೆ ಹೊಸ್ತಿಲು ದಾಟಲು ಒಲ್ಲೆ ಎನ್ನುತ್ತಿದ್ದವು. ಅವರು ಪಡಸಾಲೆಯಲ್ಲಿ ಕಾಲು ಚಾಚಿ ಎಣ್ಣೆ ತಿಕ್ಕಿಕೊಳ್ಳಲು ಕೂತರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ನೋವಿನ ಅರ್ಥ ಇಷ್ಟೇ: ಈ ವರ್ಷವೂ ಸೊಸೆ ತವರಿಗೆ ಹೋಗುವ ಹಾಗಿಲ್ಲ.

ನನ್ನ ತವರು ಕಮಲಾಪುರ. ಆಗಿನ್ನೂ ನಿಜಾಮರ ರಾಜ್ಯ. ಕಲಬುರಗಿಯಿಂದ ಕಮಲಾಪುರಕ್ಕೆ ಎತ್ತಿನ ಬಂಡಿಯೇ ಗತಿ. ನಸುಕಿನಲ್ಲಿ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮುಟ್ಟಬಹುದು. ಅಷ್ಟು ಹತ್ತಿರದ ಊರಿಗೆ, ಮದುವೆಯಾದ ವರ್ಷ ಒಮ್ಮೆ ಪಂಚಮಿಗೆ ಹೋದವಳು ಮತ್ತೆ ಹಬ್ಬಕ್ಕೆ ಹೋಗಿರಲಿಲ್ಲ. ಕೂಸು ಹುಟ್ಟಿ ಓಡಾಡುವಷ್ಟಾಗಿತ್ತು. ಅದಕ್ಕೆ ಅಜ್ಜಿಯ ಮನೆಯ ಜೋಕಾಲಿ ಗೊತ್ತಿರಲಿಲ್ಲ.

ಇದಕ್ಕೆಲ್ಲ ಮೂಲ ನಮ್ಮ ಹಿರಿಯರ ಜಾಣತನ. ನಮ್ಮದು ಹೆಣ್ಣು ಕೊಟ್ಟು ಹೆಣ್ಣು ತಂದ ಸಂಬಂಧ. ನನ್ನನ್ನು ಈ ಮನೆಗೆ ಕೊಟ್ಟರು, ಈ ಮನೆಯ ಮಗಳು ಚಂದಮ್ಮನನ್ನು ನನ್ನ ಅಣ್ಣ ನೀಲಕಂಠನಿಗೆ ತಂದರು. ಒಂದೇ ಹಂದರ, ಒಂದೇ ವಾಲಗ. ನಿಮ್ಮ ಮಗಳು ನಮ್ಮಲ್ಲಿ, ನಮ್ಮ ಮಗಳು ನಿಮ್ಮಲ್ಲಿ, ಯಾರೂ ಯಾರನ್ನೂ ಗೋಳು ಹೊಯ್ದುಕೊಳ್ಳುವಂತಿಲ್ಲ ಎಂದು ಎಲೆಯಡಿಕೆ ಹಾಕಿಕೊಂಡು ನಕ್ಕರಂತೆ. ಎಲ್ಲವನ್ನೂ ಯೋಚನೆ ಮಾಡಿದ ಪುಣ್ಯಾತ್ಮರು ಪಂಚಮಿಯೊಂದನ್ನು ಮರೆತರು.

ಪಂಚಮಿಗೆ ಮಗಳು ತವರಿಗೆ ಬರಬೇಕು. ಬಂದವಳು ಒಲೆ ಮುಟ್ಟಬಾರದು. ಉಂಡಿ ತಿನ್ನಬೇಕು, ಜೋಕಾಲಿ ಜೀಕಬೇಕು, ಕೈಗೆ ಮದರಂಗಿ ಹಚ್ಚಿಕೊಂಡು ಕೂಡಬೇಕು. ಹಾಗಾದರೆ ಹಬ್ಬದ ರೊಟ್ಟಿ ಬಡಿಯುವವರು ಯಾರು? ಆ ಮನೆಯ ಸೊಸೆ. ನಮ್ಮ ಎರಡು ಮನೆಗಳಲ್ಲಿ ಇದ್ದದ್ದೇ ಇಬ್ಬರು: ಚಂದಮ್ಮ ಇಲ್ಲಿಗೆ ಬಂದರೆ ಅವಳಿಗೆ ಬಡಿದು ಹಾಕಲು ನಾನು ಇಲ್ಲಿರಬೇಕು, ನಾನು ಅಲ್ಲಿಗೆ ಹೋದರೆ ನನಗೆ ಬಡಿದು ಹಾಕಲು ಅವಳು ಅಲ್ಲಿರಬೇಕು. ಮೊದಲ ವರ್ಷ ಒಂದೇ ಬಂಡಿ ಅವಳನ್ನು ಇಳಿಸಿ ನನ್ನನ್ನು ಹತ್ತಿಸಿಕೊಂಡು ಹೋಗಿತ್ತು. ಎರಡೂ ಕಡೆ ಬೀಗಿತ್ತಿಯರು ತಾವೇ ಒಲೆ ಊದಿ ಕಣ್ಣು ಕೆಂಪು ಮಾಡಿಕೊಂಡರು. ಮರುವರ್ಷದಿಂದ ಚಂದಮ್ಮ ಬರುತ್ತಿದ್ದಳು, ನಾನು ಉಳಿಯುತ್ತಿದ್ದೆ. ಕರೆಯಲು ಬಂದ ಅಣ್ಣ ಬಾಗಿಲಲ್ಲಿ ನಿಂತರೆ ಅತ್ತೆಯ ಬಾಯಲ್ಲಿ ಒಂದೇ ಮಾತು.

"ನನ್ನ ಮಗಳು ಬಂದಾಳ. ಸೊಸಿ ಹ್ಯಾಂಗ ಹೋಗ್ತಾಳ?"

ಅಣ್ಣ ಹಿಡಿ ಉಂಡಿ ಕಟ್ಟಿಸಿಕೊಂಡು ತಿರುಗಿ ಹೋಗುತ್ತಿದ್ದ. ಆ ಮಾತು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು.

ಆ ವರ್ಷ ಮಾತ್ರ ನನ್ನ ಅವ್ವ ಸುಮ್ಮನಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆ ಮುಗಿದ ವಾರ ಮೈಬೂಬ ನಮ್ಮ ಬಾಗಿಲಿಗೆ ಬಂದ. ಕಮಲಾಪುರದ ಕೆಂಪು ಬಾಳೆಹಣ್ಣನ್ನು ಬಂಡಿಯಲ್ಲಿ ಹೇರಿಕೊಂಡು ಕಲಬುರಗಿ ಬಜಾರಕ್ಕೆ ತರುವವನು ಅವನು; ಎರಡೂ ಮನೆಯ ಸುದ್ದಿಯೂ ಹಣ್ಣಿನ ಜೊತೆಗೇ ಬರುತ್ತಿತ್ತು. ಒಂದು ಗೊನೆ ಇಳಿಸಿ, ತಲೆಯ ರುಮಾಲು ಬಿಚ್ಚಿ ಬೆವರು ಒರೆಸಿಕೊಂಡ.

"ದೊಡ್ಡಮ್ಮಾರೆ, ನಿಮ್ಮ ಬೀಗಿತ್ತಿ ಹೇಳಿ ಕಳಿಸ್ಯಾರ. ಈ ವರ್ಷ ಮೊದ್ಲ ಅವರ ಮಗಳು ಅಲ್ಲಿಗಿ ಬರಬೇಕಂತ. ಅಕಿ ಬಂದು ಇಳಿದ ಮ್ಯಾಲ ನಿಮ್ಮ ಮಗಳನ್ನ ಹತ್ತಸ್ತಾರಂತ."

ಅತ್ತೆ ಎಣ್ಣೆಯ ಬಟ್ಟಲು ಕೆಳಗಿಟ್ಟರು. "ಹೌದಾ? ಹೋಗಿ ಹೇಳು ಅಕಿಗಿ. ಮೊದ್ಲ ನನ್ನ ಮಗಳು ಇಲ್ಲಿಗಿ ಬರಬೇಕು. ಅಕಿ ಕಾಲು ಈ ಹೊಸ್ತಲಕ್ಕ ತಾಗಿದ ಮ್ಯಾಲ ಸೊಸಿ ಮಾತು."

"ಆಯ್ತ್ರಿ," ಎಂದ ಮೈಬೂಬ.

ಮುಂದಿನ ವಾರ ಬಂದ. "ಆಗಂಗಿಲ್ಲ ಅಂದಾರ್ರಿ. ಪ್ರತಿ ವರ್ಷ ನೀವು ಹಿಂಗ ಅಂದು ಹುಡುಗಿನ್ನ ಇಟ್ಕೊಂಡೀರಿ, ನಿಮ್ಮ ಮಾತಿನ ಮ್ಯಾಲ ಭರೋಸಾ ಇಲ್ಲ ಅಂದಾರ."

"ಭರೋಸಾ ಇಲ್ಲ ಅಂದ್ಳಾ? ನನಗ?"

"ನಾ ಅಂದಿಲ್ರಿ ತಾಯಿ, ಅವರು ಅಂದಾರ. ನಾ ಬಂಡಿ ಹೊಡಿಯವ, ವಕೀಲ ಅಲ್ಲ."

ಹೀಗೆ ಆಷಾಢವೆಲ್ಲ ಹೋಯಿತು. ಒಂದು ವಾರ ಅಲ್ಲಿಂದ ಬೈಗುಳ, ಒಂದು ವಾರ ಇಲ್ಲಿಂದ. ನಡುವೆ ಬಾಳೆಹಣ್ಣು ಮಾತ್ರ ತಪ್ಪಲಿಲ್ಲ. ಅದನ್ನು ಸುಲಿದು ತಿನ್ನುತ್ತಲೇ ಅತ್ತೆ ಅದನ್ನು ಕಳಿಸಿದವಳನ್ನು ಬೈಯುತ್ತಿದ್ದರು.

ನಮ್ಮ ಮನೆಯವರು, ಅಂದರೆ ನನ್ನ ಗಂಡ, ಧಾನ್ಯಪೇಟೆ ಗಂಜಿನಲ್ಲಿ ತೊಗರಿ ವ್ಯಾಪಾರಕ್ಕೆ ನಿಂತರೆ ಹುಲಿ. ಮನೆಯಲ್ಲಿ ತಾಟಿನ ಮುಂದೆ ಕೂತರೆ ಬಾಯಿ ರೊಟ್ಟಿಗೆ ಮಾತ್ರ ತೆರೆಯುತ್ತಿತ್ತು. ಒಂದು ದಿನ ಪುಂಡಿಪಲ್ಲೆ ಬಡಿಸುತ್ತ, ಪಡಸಾಲೆಗೂ ಕೇಳುವಷ್ಟು ದನಿ ಎತ್ತಿ ಹೇಳಿದೆ.

"ಈ ಸಲ ನನ್ನ ಕಳಸದಿದ್ರ, ನಿಮ್ಮ ತಂಗಿ ಬಂದ ದಿವಸ ನಾ ಹಿಟ್ಟಿನ ಗಡಿಗಿ ಮುಟ್ಟಂಗಿಲ್ಲ. ಹೇಳಿಬಿಟ್ಟೀನಿ."

ಪಡಸಾಲೆಯಿಂದ ಉತ್ತರ ಬಂತು. "ಮಲ್ಲಣ್ಣಾ, ಕೇಳಿದೇನಪ್ಪ? ನಿನ್ನ ಹೇಣ್ತಿ ನನಗ ಉಪವಾಸ ಕೆಡವ್ತಾಳಂತ!"

"ಉಪವಾಸ ಯಾಕ ಬೀಳ್ತೀರಿ ಅತ್ತಿ? ಚಂದಮ್ಮಗ ನಿಮ್ಮ ಕೈಯಿಂದ ಬಡದು ಹಾಕ್ರಿ. ಮಗಳಲ್ಲೇನು?"

"ನನ್ನ ಕಾಲು ನೋಡಿದಿ?"

"ರೊಟ್ಟಿ ಕಾಲಿಲೆ ಬಡೀತಾರೇನ್ರಿ?"

ಅತ್ತೆ ಎದ್ದು ಬಂದರು. ಕಾಲು ನೋವು ಎಲ್ಲಿ ಹೋಯಿತೋ, ಭರಭರ ನಡೆದು ಬಂದರು. "ಏನಂದಿ? ಇನ್ನೊಮ್ಮೆ ಅನ್ನು. ಕೇಳ್ಲಿ ಇಂವ."

ನಮ್ಮ ಮನೆಯವರು ರೊಟ್ಟಿ ಅರ್ಧಕ್ಕೆ ಬಿಟ್ಟು ತಲೆಯ ಮೇಲೆ ಕೈ ಹೊತ್ತುಕೊಂಡರು. "ಬಾಯಿ ಮುಚ್ಚತೀರೋ ಇಲ್ಲೋ ಇಬ್ರೂ! ಗಂಜಿನಾಗ ದಿನಾ ಮಾಡ್ತೀವಿ ನಾವು. ಅವರ ಮಾಲು ಅವರಿಗಿ, ನಮ್ಮ ಮಾಲು ನಮಗ, ಈ ಕೈಲೆ ಕೊಡು, ಆ ಕೈಲೆ ತಗೋ. ಮಹಾಗಾಂವದಾಗ ದೌಲಪ್ಪ ಮಾವನ ಮನಿ ಅದ ಅಲ್ಲ? ನಾವು ಇಲ್ಲಿಂದ ಹೋಗೋದು, ಅವರು ಅಲ್ಲಿಂದ ಬರೋದು. ಒಂದೇ ಸಲಕ್ಕ ಇಬ್ರೂ ಬಂಡಿ ಬದಲ್ ಮಾಡ್ರಿ. ಮೊದ್ಲೂ ಇಲ್ಲ, ಆಮ್ಯಾಲೂ ಇಲ್ಲ."

"ನಾ ಏನು ತೊಗರಿ ಚೀಲ ಏನ್ರಿ?"

"ಚೀಲ ಇದ್ದಿದ್ರ ಇಷ್ಟು ತಕರಾರ ಇರ್ತಿದ್ದಿಲ್ಲ," ಎಂದು ಎದ್ದು ಕೈ ತೊಳೆದುಕೊಂಡರು.

ದೌಲಪ್ಪ ನನ್ನ ಸೋದರಮಾವ, ಅವ್ವನ ತಮ್ಮ. ಅವನ ಊರು ಮಹಾಗಾಂವ ಎರಡೂ ಊರಿನ ನಡುವೆ, ದಾರಿಯ ಮೇಲೆಯೇ ಇತ್ತು. ಸಿಟ್ಟು ಬಂದರೂ ಉಪಾಯ ಚೆನ್ನಾಗಿತ್ತು. ಮೈಬೂಬ ಹೋಗಿ ಬಂದು, ಕಮಲಾಪುರದವರೂ ಹೂಂ ಅಂದಾರೆ ಎಂದ. ಮಾತು ಮುಗಿಯಿತಲ್ಲ ಎಂದು ನನಗಿಂತ ಅವನಿಗೇ ಹೆಚ್ಚು ಸಂತೋಷವಾಗಿತ್ತು. ಅತ್ತೆಯೂ ಒಪ್ಪಿದರು, ಒಪ್ಪಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಹೊರಡುವ ಮುನ್ನ ಮಗನನ್ನು ಮಾತ್ರ ಕರೆದು ಹೇಳಿದರು. "ಚಂದಿ ಕಾಲು ನೆಲಕ್ಕ ಇಟ್ಟಳು ಅಂದ ಮ್ಯಾಲ ಇಕಿನ್ನ ಇಳಸು. ಮೊದ್ಲ ಇಳಿಸಿಗಿಳಿಸೀಯ."

ನಾಗರ ಅಮಾವಾಸ್ಯೆ ಕಳೆದು ಮರುದಿನ ಹೊರಟೆವು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಎಳ್ಳುಂಡಿ ಪುಟಾಣಿ ಉಂಡಿ ಗಂಟು ಕಟ್ಟಿಕೊಂಡು ಕೂತೆ. ಊರ ಹೊರಗಿನ ಸುಂಕದ ನಾಕಾ ದಾಟಿ ಹೊಲಗಳು ಶುರುವಾದವು. ತೊಗರಿ ಗೇಣುದ್ದ ಎದ್ದಿತ್ತು, ಕರಿಮಣ್ಣು ಗಾಲಿಗೆ ಮೆತ್ತಿ ಎತ್ತುಗಳು ಏದುತ್ತಿದ್ದವು. ನನಗೆ ಹಾಡು ಬರುತ್ತಿರಲಿಲ್ಲ, ಆದರೂ ಕೂಸಿನ ನೆಪ ಮಾಡಿಕೊಂಡು ಪಂಚಮಿಯ ಹಾಡು ಅಂದೆ. ನಮ್ಮ ಮನೆಯವರು ತಿರುಗಿ ನೋಡಿ, "ಎತ್ತು ಬೆದರತಾವ," ಎಂದರು.

ಮಧ್ಯಾಹ್ನಕ್ಕೆ ಮಹಾಗಾಂವ ಮುಟ್ಟಿದೆವು. ದೌಲಪ್ಪ ಮಾವ ತಲೆ ನೆರೆತಿದ್ದರೂ ಓಡಿ ಬಂದು ಕೂಸನ್ನು ಎತ್ತಿಕೊಂಡ. ಜುಣಕ, ರೊಟ್ಟಿ, ಮಜ್ಜಿಗೆ ಊಟವಾಯಿತು. ಉಂಡು ಕೂತಾಗ ಕೇಳಿದ, "ಅಕ್ಕ ಹ್ಯಾಂಗಿದ್ದಾಳವ್ವ? ದೌಲಪ್ಪ ಬಾ ಅಂದಾನ ಅಂತ ಹೇಳು." ಯಾವಾಗ ಕಂಡರೂ ಅವನು ಈ ಮಾತು ಹೇಳುವವನೇ. ನಾನು ಯಾವಾಗಿನಂತೆ ಹೂಂ ಅಂದೆ.

ಬಿಸಿಲು ಇಳಿಯುವ ಹೊತ್ತಿಗೆ ಮೈಬೂಬನ ಬಂಡಿ ಬಂತು. ಅಣ್ಣ ನೀಲಕಂಠ ಕೆಳಗೆ ಜಿಗಿದ. ಬಂಡಿಯಲ್ಲಿ ಒಂದು ಬಾಳೆಗೊನೆ ಇತ್ತು. ಚಂದಮ್ಮ ಇರಲಿಲ್ಲ.

"ತಂಗಿ ಎಲ್ಲಿ?" ಎಂದರು ನಮ್ಮ ಮನೆಯವರು.

ಅಣ್ಣ ಎತ್ತಿನ ಬೆನ್ನು ಸವರುತ್ತ ನಿಂತ. "ಅದಾ... ಅವ್ವ ಅಂದ್ಳು, ಮೊದ್ಲ ನನ್ನ ಮಗಳು ಶಿವಕಾಂತ ಬರ್ಲಿ, ಆಮ್ಯಾಲ ನೋಡೋಣು ಅಂತ. ಚಂದಮ್ಮ ಗಂಟು ಕಟ್ಕೊಂಡು ಬಾಗಲಾಗ ನಿಂತಿದ್ಳು. ಅವ್ವ ಗಂಟು ಕಸಗೊಂಡು ಒಳಗ ಇಟ್ಳು."

"ಮಾತು ಆಗಿತ್ತೋ ಇಲ್ಲೋ?"

"ಆಗಿತ್ತು ಭಾವ. ನಾ ಏನ್ ಮಾಡ್ಲಿ?"

"ಏನ್ ಮಾಡ್ಲಿ ಅಂದ್ರ? ಗಂಡಸಲ್ಲೇನು ನೀ?"

"ನಿಮ್ಮ ಅವ್ವನ ಮುಂದ ನೀವು ಎಷ್ಟು ಮಾತಾಡ್ತೀರಿ ಭಾವ?"

ನಮ್ಮ ಮನೆಯವರ ಸಿಟ್ಟೆಲ್ಲ ನನ್ನ ಕಡೆ ತಿರುಗಿತು. "ಹತ್ತು ಬಂಡಿ. ತಿರಗಿ ಹೋಗೋಣು. ನಿಮ್ಮವ್ವಗ ಮಾತಿನ ಮ್ಯಾಲ ನಿಗಾ ಇಲ್ಲಂದ್ರ ನಮಗ್ಯಾಕ ಬೇಕು?"

ಇಷ್ಟು ದೂರ ಬಂದು, ಅವ್ವನ ಊರಿನ ಎತ್ತುಗಳ ಮುಖ ಕಂಡು, ಮತ್ತೆ ಶಹಾಬಜಾರದ ಒಲೆಗೆ ಹೋಗಬೇಕೆ? ಕೂಸನ್ನು ಬಗಲಿಗೆ ಹಾಕಿಕೊಂಡು ಸೀದಾ ಹೋಗಿ ಮೈಬೂಬನ ಬಂಡಿ ಹತ್ತಿದೆ.

"ನೀವು ಇಲ್ಲೇ ಮಾವನ ಮನ್ಯಾಗ ಇರ್ರಿ. ನಾಳಿಗಿ ಇದೇ ಬಂಡ್ಯಾಗ ನಿಮ್ಮ ತಂಗಿನ ಕಳಸ್ತೀನಿ."

"ಕಳಸದಿದ್ರ?"

"ಕಳಸದಿದ್ರ ಅದೇ ಬಂಡ್ಯಾಗ ನಾ ತಿರಗಿ ಬರ್ತೀನಿ. ಹಬ್ಬ ಮಾಡಂಗಿಲ್ಲ."

ಅವರು ಬಾಳೆಗೊನೆ ಮಾತ್ರ ಇಳಿಸಿಕೊಂಡರು. ಬಂಡಿ ಹೊರಟಿತು.

ಕಮಲಾಪುರ ಮುಟ್ಟುವಾಗ ಕತ್ತಲಾಗಿತ್ತು. ಅವ್ವ ಕಂದೀಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ನಿವಾಳಿಸಿ ನೀರು ಚೆಲ್ಲಿ, ನನ್ನ ಗಲ್ಲ ಹಿಡಿದು ಅಳತೊಡಗಿದಳು. ನಾನೂ ಅತ್ತುಬಿಟ್ಟೆ. ಕೂಸು ಗಾಬರಿಯಾಗಿ ನಮ್ಮಿಬ್ಬರಿಗಿಂತ ಜೋರಾಗಿ ಅತ್ತಿತು. ಅಪ್ಪ, "ಅಳೂದು ಆತಿಲ್ಲೋ? ಹಸಿವಿ ಆಗ್ಯಾದ," ಎಂದು ಒಳಗೆ ಹೋದ. ಅಂಗಳದ ಬೇವಿನ ಗಿಡಕ್ಕೆ ಹೊಸ ಹಗ್ಗದ ಜೋಕಾಲಿ ಕಟ್ಟಿದ್ದರು. ಅವ್ವ ನನ್ನನ್ನು ಅದರ ಮೇಲೆ ಕೂಡಿಸಿ ಬಾಯಿಗೆ ಎಳ್ಳುಂಡಿ ತುರುಕಿದಳು. ಆಹಾ, ಆ ಒಂದು ಗಳಿಗೆ ನನ್ನ ಜೀವಕ್ಕೆ ಎಷ್ಟು ಹಗುರಾಯಿತೆಂದರೆ, ಬಂಡಿಯನ್ನೂ ಮಾತನ್ನೂ ಮರೆತೇಬಿಟ್ಟೆ.

ಆಗ ಒಳಗೆ ಒಲೆಯ ಹೊಗೆಯಿಂದ ಯಾರೋ ಕೆಮ್ಮಿದರು.

"ಅವ್ವ, ಚಂದಮ್ಮಗ ನಾಳೆ ನಸುಕಿನಾಗ ಕಳಸಬೇಕು. ಅವರಣ್ಣ ಮಹಾಗಾಂವದಾಗ ಕಾಯಾಕತ್ಯಾರ."

ಅವ್ವ ಇನ್ನೊಂದು ಉಂಡಿ ಮುರಿಯುತ್ತ, ಬಲು ಪ್ರೀತಿಯಿಂದ ಹೇಳಿದಳು. "ಹುಚ್ಚಿ. ನನ್ನ ಮಗಳು ಬಂದಾಳ. ಸೊಸಿ ಹ್ಯಾಂಗ ಹೋಗ್ತಾಳ?"

ಅಕ್ಷರ ಅಕ್ಷರ ಅದೇ ಮಾತು. ಹೇಳುವಾಗ ತಲೆ ಆಡಿಸಿದ ರೀತಿಯೂ ಅದೇ. ಜೋಕಾಲಿಯಿಂದ ಇಳಿದು ಹೋಗಿ ಮಲಗಿದೆ. ಅವ್ವ, ದಾರಿ ದಣಿವು ಎಂದುಕೊಂಡಳು.

ಬೆಳಗಾದರೆ ರೊಟ್ಟಿ ಹಬ್ಬದ ತಯಾರಿ. ಮರುದಿನ ಓಣಿಯ ಮನೆಮನೆಗೂ ರೊಟ್ಟಿ ಬೀರಬೇಕು, ಹಾಲೆರೆಯುವ ದಿನ ಒಲೆಯ ಮೇಲೆ ಹಂಚು ಇಡುವಂತಿಲ್ಲ. ಆದ್ದರಿಂದ ರಾಶಿ ರೊಟ್ಟಿ ಈಗಲೇ ಆಗಬೇಕು. ನಾನು ಎದ್ದು ಬರುವಷ್ಟರಲ್ಲಿ ಚಂದಮ್ಮ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಿ ಬಡಿಯುತ್ತಿದ್ದಳು. ಕಣ್ಣು ಬಾತಿದ್ದವು. ನಾನು ಹೋಗಿ ಅವಳ ಕೈಯಿಂದ ಹಿಟ್ಟಿನ ಉಂಡೆ ಕಸಿದುಕೊಂಡೆ.

"ಏಳು. ಸೀರಿ ಉಟ್ಕೋ. ಬಂಡಿ ನಿಂತದ."

"ಬ್ಯಾಡ ವೈನಿ. ಅತ್ತಿ ಬೈತಾರ."

"ಬೈಲಿ. ನನಗ ಬೈತಾಳ, ನಿನಗಲ್ಲ. ಏಳಂದ್ರ ಏಳು!"

ಅವ್ವ ಹಾಲಿನ ತಂಬಿಗೆ ಹಿಡಿದು ಬಂದವಳು ಅಲ್ಲೇ ನಿಂತಳು. "ಏ ಶಿವಕಾಂತ! ಹಬ್ಬಕ್ಕ ಬಂದ ಮಗಳು ಒಲಿ ಮುಂದ ಕೂತಿ? ಮಂದಿ ನೋಡಿದ್ರ ಏನಂದಾರು? ಏಳು ಅಲ್ಲಿಂದ. ಚಂದಮ್ಮ, ನೀ ಕೂಡು."

"ಚಂದಮ್ಮ ಹೋಗ್ತಾಳ."

"ಅಕಿ ಹೋಗಂಗಿಲ್ಲ. ನಿಮ್ಮ ಅತ್ತಿ ನಿನಗ ಎಷ್ಟು ವರ್ಷ ಕಳಿಸಿಲ್ಲ? ಈಗ ಅಕಿಗೂ ಗೊತ್ತಾಗ್ಲಿ ಹೊಟ್ಟಿ ಉರಿ ಅಂದ್ರ ಏನಂತ."

"ಅಕಿ ಹೊಟ್ಟಿ ಉರಿಯೋದು ಬಿಡು ಅವ್ವ, ಇಲ್ಲಿ ಅಳಾಕತ್ತಾಳಲ್ಲ, ಇಕಿ ಏನ್ ಮಾಡ್ಯಾಳ?"

"ಒಂದ ವರ್ಷ ಹೋಗದಿದ್ರ ಸಾಯ್ತಾಳೇನು?" ಅವ್ವನ ದನಿ ಚಾವಣಿ ಮುಟ್ಟಿತು. "ನಾನೂ ಒಬ್ಬರ ಮಗಳೇ. ಮಹಾಗಾಂವ ಏನು ದೂರ ಅದ? ನಸುಕಿನಾಗ ಹೊಂಟ್ರ ಬಿಸಿಲು ಏರೋದ್ರಾಗ ಮುಟ್ತೀವಿ. ನಿಮ್ಮಜ್ಜಿ ನನ್ನ ಒಂದರ ಪಂಚಮಿಗಿ ಕಳಿಸಿದ್ಳೇನು? ದೌಲಪ್ಪ ವರ್ಷಾ ಬಂದು ಇದೇ ಬಾಗಲಾಗ ನಿಂತು, ಉಂಡಿ ಕಟ್ಕೊಂಡು ತಿರಗಿ ಹೋದ. ಆಮ್ಯಾಲ ಬರೋದೂ ಬಿಟ್ಟ. ನಿಮ್ಮಜ್ಜಿ ಸತ್ತ ಮ್ಯಾಲ ಹೋಗೇನಂದ್ರ ದನ ಯಾರು ನೋಡ್ತಾರ, ತ್ವಾಟಕ್ಕ ಬುತ್ತಿ ಯಾರು ಒಯ್ತಾರ? ನಾ ಸತ್ತೆನೇನು? ಇಲ್ಲೇ ಬದುಕಿಲ್ಲೇನು?"

ನನಗೆ ಎಲ್ಲಿತ್ತೋ ಸಿಟ್ಟು. ಅತ್ತೆಯ ಮೇಲೆ, ಅವ್ವನ ಮೇಲೆ, ಸತ್ತ ಅಜ್ಜಿಯ ಮೇಲೆ, ಎಲೆಯಡಿಕೆ ಹಾಕಿಕೊಂಡು ನಕ್ಕ ಎಲ್ಲರ ಮೇಲೆ. ಕೈಲಿದ್ದ ಹಿಟ್ಟನ್ನು ನಾದುವ ಕೊಣಮಿಗೆಗೆ ಬಡಿದು ಕೂಗಿದೆ.

"ಹಾಂಗಾದ್ರ ನೀನೂ ಹತ್ತು ಬಂಡಿ! ಹೋಗು!"

ಹೊರಗೆ ಎತ್ತಿನ ಕೊರಳ ಗಂಟೆ ಕೇಳಿಸಿತು.

"ಏನಂದಿ?" ಎಂದಳು ಅವ್ವ.

ಹಿಂದೆ ಸರಿಯುವ ಹಾಗಿರಲಿಲ್ಲ. "ಹತ್ತು ಅಂದೆ. ಮಾವನ ಮನಿ ಮುಂದೇ ಹೋಗ್ತದ ಬಂಡಿ."

"ಕರಿಯಾಕ ಬಂದವರಿಲ್ಲದ ಹ್ಯಾಂಗ ಹೋಗೋದು? ಹಂಗ ಹೋಗ್ತಾರೇನು?"

"ಮಾವ ಕರದಾನ. ನಿನ್ನಿ ಅಂದ. ಅಕ್ಕಗ ಹೇಳು, ದೌಲಪ್ಪ ಬಾ ಅಂದಾನ ಅಂತ."

ಅವ್ವ ತಂಬಿಗೆ ಕೆಳಗಿಟ್ಟಳು. "ಖರೇನ ಅಂದನಾ?"

"ಖರೇನ ಅಂದ."

ಅವ್ವ ಒಳಗೆ ಹೋದಳು. ಪೆಟ್ಟಿಗೆಯ ಮುಚ್ಚಳದ ಸಪ್ಪಳವಾಯಿತು. ಹೊರಗೆ ಬಂದಾಗ ಮಡಿಕೆ ಮುರಿಯದ ಹಸಿರು ಸೀರೆ ಉಟ್ಟಿದ್ದಳು. ನನ್ನ ಮದುವೆಯಲ್ಲಿ ಬಂದದ್ದು, ಉಟ್ಟದ್ದನ್ನು ನಾನು ನೋಡಿರಲಿಲ್ಲ. ನನಗೆಂದು ಮಾಡಿಟ್ಟ ಉಂಡಿಗಳಲ್ಲಿ ಅರ್ಧವನ್ನು ಬಟ್ಟೆಗೆ ಸುರಿದು ಗಂಟು ಕಟ್ಟಿದಳು. ಕಸಿದು ಇಟ್ಟಿದ್ದ ಚಂದಮ್ಮನ ಗಂಟನ್ನು ತಾನೇ ತಂದು ಅವಳ ಕೈಗೆ ಕೊಟ್ಟಳು. ಅಣ್ಣ ಬಾಯಿ ತೆರೆದವನು ಅವ್ವನ ಮುಖ ನೋಡಿ ಮುಚ್ಚಿಕೊಂಡ.

ಮೈಬೂಬ ಹಗ್ಗ ಹಿಡಿದು ನಿಂತಿದ್ದ. "ಅಲ್ರಿ, ಒಬ್ರನ್ನ ತಂದು ಇಬ್ರನ್ನ ಒಯ್ಯಾಕತ್ತೀನಿ. ಅಲ್ಲಿ ಯಾರಿಗಿ ಏನಂತ ಹೇಳ್ಲಿ?"

"ಏನೂ ಹೇಳಬ್ಯಾಡ. ಹೊಡಿ," ಎಂದಳು ಅವ್ವ. ಬಂಡಿ ತಿರುಗುವಾಗ ನನ್ನ ಕಡೆ ನೋಡಿ, "ಹಾಲು ಒಲಿ ಮ್ಯಾಲಿಡು. ಉಕ್ಕೀತು, ನೋಡ್ಕೋ," ಎಂದಳು. ಚಂದಮ್ಮ ಅಳುತ್ತಳುತ್ತಲೇ ನಗುತ್ತಿದ್ದಳು. ಅಣ್ಣ ಮುಂದೆ ಕೂತ. ಬಂಡಿ ಬಾಳೆತೋಟದ ಬೇಲಿ ದಾಟಿ ಹೋಯಿತು.

ನಾನು ಕೈಗೆಲ್ಲ ಹಿಟ್ಟು ಮೆತ್ತಿಕೊಂಡು ಬಾಗಿಲಲ್ಲೇ ನಿಂತೆ. ಅವ್ವನ ಹತ್ತಿರ ಕೂಡಬೇಕೆಂದು ಆಷಾಢವೆಲ್ಲ ಜಗಳವಾಡಿ ಬಂದವಳು ನಾನು. ಈಗ ಅವ್ವ ಇಲ್ಲದ ತವರಿನಲ್ಲಿ ರಾಶಿ ಹಿಟ್ಟು ನನ್ನನ್ನು ನೋಡುತ್ತ ಕೂತಿತ್ತು. ನನ್ನ ಬಾಯಿಗಿಷ್ಟು ಬೆಂಕಿ ಹಾಕ! ಒಳಗೆ ಹೋಗಿ ಬಡಿಯತೊಡಗಿದೆ. ಕೂಸು ಜೋಕಾಲಿಯ ಹಗ್ಗ ಹಿಡಿದು, "ತೂಗು, ತೂಗು," ಎಂದು ಹಟ ಮಾಡುತ್ತಿತ್ತು. ತೂಗುವವರು ಯಾರು?

ಬಿಸಿಲೇರಿದ ಮೇಲೆ ಅಪ್ಪ ತೋಟದಿಂದ ಬಂದ. ಕಾಲು ತೊಳೆದು ತಾಟಿನ ಮುಂದೆ ಕೂತ. ರೊಟ್ಟಿ, ಕಾಳುಪಲ್ಲೆ ಹಾಕಿದೆ. ಎರಡು ತುತ್ತು ತಿಂದು ಅತ್ತ ಇತ್ತ ನೋಡಿದ.

"ಬುತ್ತಿ ಬರ್ಲಿಲ್ಲ ಅಂತ ಕಾದು ಬಂದೆ. ನಿಮ್ಮವ್ವ ಎಲ್ಲಿ?"

"ತವರಿಗಿ ಹೋಗ್ಯಾಳ."

ಅಪ್ಪನ ಕೈ ತಾಟಿನ ಮೇಲೆಯೇ ನಿಂತಿತು. "ಮಹಾಗಾಂವಕ್ಕ? ಯಾಕ? ಯಾರು ಸತ್ರು?"

"ಯಾರೂ ಸತ್ತಿಲ್ಲಪ್ಪ. ಪಂಚಮಿಗಿ ಹೋಗ್ಯಾಳ."

ಅವನಿಗೆ ಅರ್ಥವಾಗಲಿಲ್ಲ. ನನ್ನ ಮುಖವನ್ನೂ ಬಾಗಿಲನ್ನೂ ನೋಡಿದ. "ಯಾವಾಗ ಬರ್ತಾಳ?" ಎಂದ.

"ಹಬ್ಬ ಮುಗಿದ ಮ್ಯಾಲ. ನೀನೇ ಹೋಗಿ ಕರ್ಕೊಂಡು ಬರಬೇಕು."

ಅಪ್ಪ ಉಳಿದ ಪಲ್ಲೆ ಬಳಿದುಕೊಂಡು ತಾಟನ್ನು ಮುಂದೆ ಸರಿಸಿದ. "ಇನ್ನೊಂದು ರೊಟ್ಟಿ ಹಾಕು."

ಹಂಚಿನ ಮೇಲಿನ ರೊಟ್ಟಿ ಸೀದು ಕರಿಯಾಗಿತ್ತು. ಅದನ್ನೇ ಹಾಕಿದೆ.